ಪಲ್ಲಾವರಂ ಸಂತೆಯಲ್ಲಿ ಹಳೆ ಟ್ರಂಪೆಟ್: ಕೊಳ್ಳುವ ಮುನ್ನ ಊದಿ ನೋಡಿ

ಚೆನ್ನೈ: ಶುಕ್ರವಾರ ಬೆಳಿಗ್ಗೆ ತಾಂಬರಂ ಕಡೆಯ ಲೋಕಲ್ ರೈಲಿನಿಂದ ಪಲ್ಲಾವರಂನಲ್ಲಿ ಇಳಿಯುವವರಲ್ಲಿ ಹಲವರ ಕೈಯಲ್ಲಿ ಖಾಲಿ ಚೀಲವಿರುತ್ತದೆ. ಹಳೆ ಟ್ರಂಕ್ ರಸ್ತೆಯ ವಾರದ ಸಂತೆಗೆ ಹೊರಟವರು ಅವರು. ಹೂಗಿಡ, ಪಾರಿವಾಳ, ಹಳೆ ಫ್ಯಾನು, ಕಂಪ್ಯೂಟರ್, ಮರದ ಕುರ್ಚಿ, ಅಲ್ಲಿ ಏನುಂಟು ಏನಿಲ್ಲ! ಈ ರಾಶಿಯ ನಡುವೆ ಒಮ್ಮೊಮ್ಮೆ ಮಾಸಿದ ಹಿತ್ತಾಳೆ ವಾದ್ಯವೊಂದು ಕಣ್ಣಿಗೆ ಬೀಳುವುದೂ ಉಂಟು.

ಹಳೆ ವಸ್ತುವಿಗೂ ಪಲ್ಲಾವರಂಗೂ ನಂಟು ಇಂದು ನಿನ್ನೆಯದಲ್ಲ. ರಾಬರ್ಟ್ ಬ್ರೂಸ್ ಫೂಟ್ ಅವರಿಗೆ 1863ರಲ್ಲಿ ಆದಿಮಾನವನ ಕಲ್ಲಿನ ಆಯುಧ ಸಿಕ್ಕಿದ್ದು ಇಲ್ಲಿಯೇ. ಮುಂದೆ ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದವರೂ ಅವರೇ.

ಶಾಲೆಯ ಬ್ಯಾಂಡಿಗೆ ಸೇರಿದ ಮಗುವಿಗೆ ಟ್ರಂಪೆಟ್ ಬೇಕೆಂದಾಗ ಮನೆಯವರು ಸಂತೆಯತ್ತ ನೋಡುವುದು ಸಹಜ. ಒಳ್ಳೆಯ ಕಂಪೆನಿಯ ಹೊಸ ವಾದ್ಯಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಆದರೆ ಅಗ್ಗಕ್ಕೆ ಸಿಕ್ಕಿತೆಂದು ತಂದ ವಾದ್ಯ ಉಳಿದವರ ಶ್ರುತಿಗೆ ಕೂಡದಿದ್ದರೆ ಮಗು ತನಗೇ ಬಾರದೆಂದು ತಿಳಿದು ಕಲಿಕೆಯನ್ನೇ ಬಿಟ್ಟೀತು. ತಪ್ಪು ಮಗುವಿನದಲ್ಲ, ಕೊಳವೆಯದು.

ಮೊದಲಿಗೆ, ಕೈಯಲ್ಲಿರುವುದು ಟ್ರಂಪೆಟ್ ಹೌದೇ ಎಂದು ನೋಡಬೇಕು. ಮೂರು ವಾಲ್ವ್ ಇಲ್ಲದಿದ್ದರೆ ಅದು ಬಹುಪಾಲು ಬ್ಯೂಗಲ್. ವಾಲ್ವ್ ಇದ್ದು, ಗಿಡ್ಡಗೆ, ಹೆಚ್ಚು ಸುತ್ತಿಕೊಂಡಂತಿದ್ದರೆ ಕಾರ್ನೆಟ್. ಕಾರ್ನೆಟ್ಟಿನ ಮೌತ್‌ಪೀಸ್ ಟ್ರಂಪೆಟ್ಟಿಗೆ ಸರಿಯಾಗಿ ಕೂರುವುದಿಲ್ಲ. ವ್ಯಾಪಾರಿ ಎರಡನ್ನೂ ಜೋಡಿ ಮಾಡಿ ಇಟ್ಟಿರಬಹುದು.

ಇನ್ನು ಮಾದರಿಗಳ ಮಾತು. ಬ್ರಿಟಿಷರ ಬಳುವಳಿಯಿಂದಾಗಿ ಹಳೆ ಬ್ಯಾಂಡ್ ವಾದ್ಯಗಳ ನಡುವೆ ಬೂಸಿ ಅಂಡ್ ಹಾಕ್ಸ್, ಬೆಸ್ಸನ್ ಹೆಸರುಗಳು ಕಾಣಸಿಗುತ್ತವೆ. 1930ರಲ್ಲಿ ಎರಡು ಕಂಪೆನಿಗಳು ಒಂದಾಗಿ ಹುಟ್ಟಿದ ಬೂಸಿ ಅಂಡ್ ಹಾಕ್ಸ್, 1948ರಲ್ಲಿ ಬೆಸ್ಸನ್ನನ್ನೂ ಕೊಂಡಿತು. ಇದರ 'ರೀಜೆಂಟ್' ಕಲಿಯುವವರ ಮಾದರಿ: ಗಟ್ಟಿಮುಟ್ಟು, ನಾದ ಸಾಧಾರಣ. ಅಮೆರಿಕದ ಓಲ್ಡ್ಸ್ 'ಅಂಬಾಸಿಡರ್' ಕೂಡ ವಿದ್ಯಾರ್ಥಿಗಳಿಗೆಂದೇ ಮಾಡಿದ್ದು, ಆದರೆ ನುರಿತವರೂ ಮೆಚ್ಚುವಂಥದ್ದು. ಆ ಕಂಪೆನಿ 1979ರಲ್ಲಿ ಮುಚ್ಚಿದ ಮೇಲೂ ಇದರ ಮರ್ಯಾದೆ ಕುಗ್ಗಿಲ್ಲ. ಬ್ಯಾಕ್ 'ಸ್ಟ್ರಾಡಿವೇರಿಯಸ್' ಸಿಕ್ಕರೆ ಅದೃಷ್ಟವೇ ಸರಿ, ಮೊದಲು ನಕಲಿಯೇ ಎಂದು ಸಂಶಯಪಡುವುದು ಲೇಸು. ಮೊದಲ ಬಾರಿಗೆ ಕೊಳ್ಳುವವರಿಗೆ ಹಳೆ ಯಮಹಾ ನೆಮ್ಮದಿಯ ಆಯ್ಕೆ. ಆ ಕಂಪೆನಿ ಟ್ರಂಪೆಟ್ ತಯಾರಿಕೆ ಆರಂಭಿಸಿದ್ದೇ 1965ರಲ್ಲಾದ್ದರಿಂದ ಮುಂದೆ ಹೇಳುವ ಶ್ರುತಿಯ ತೊಡಕು ಇದಕ್ಕಿಲ್ಲ. ಮದುವೆ ಬ್ಯಾಂಡಿನವರ ಕೈಯಲ್ಲಿ ಕಾಣುವ ಮೀರತ್ ವಾದ್ಯಗಳದು ಬೇರೆಯೇ ಲೋಕ. ಆ ಊರಿನ ನಾದಿರ್ ಅಲಿ ಕಂಪೆನಿ 1885ರಷ್ಟು ಹಳೆಯದು. ಮೀರತ್ತಿನ ಮಾಲಿನಲ್ಲಿ ಗುಣಮಟ್ಟ ಒಂದರಿಂದ ಒಂದಕ್ಕೆ ಬದಲಾಗುವುದರಿಂದ ಊದಿ ನೋಡದೆ ಕೊಳ್ಳಬಾರದು.

ಶ್ರುತಿಯ ತೊಡಕೆಂದರೆ ಇದು. ಇಂದು ಎಲ್ಲೆಡೆ ಒಪ್ಪಿರುವ ಶ್ರುತಿ 440. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ಸುಮಾರು 452ರ ಏರು ಶ್ರುತಿಯಲ್ಲೇ ನುಡಿಸುತ್ತಿದ್ದವು. ವ್ಯತ್ಯಾಸ ಹತ್ತಿರ ಹತ್ತಿರ ಅರ್ಧ ಸ್ವರದ ಅರ್ಧದಷ್ಟು. ಕೇಳಲು ಅಲ್ಪ, ಜೊತೆಗೆ ನುಡಿಸಿದರೆ ಕರ್ಕಶ. ಇಂಥ ವಾದ್ಯವನ್ನು ಇಳಿಸಲು ಒಟ್ಟು ಸುಮಾರು 4 ಸೆಂಟಿಮೀಟರ್ ಕೊಳವೆ ಹೆಚ್ಚಿಸಬೇಕು, ಅಂದರೆ ಶ್ರುತಿಯ ಸ್ಲೈಡನ್ನು 2 ಸೆಂಟಿಮೀಟರ್ ಹೊರಗೆಳೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ, ಮೂರು ವಾಲ್ವುಗಳ ಕೊಳವೆಗಳೂ ಅದೇ ಲೆಕ್ಕದಲ್ಲಿ ಉದ್ದವಾಗಬೇಕು. ಆದ್ದರಿಂದ ಮೊಬೈಲಿನಲ್ಲಿ ಟ್ಯೂನರ್ ಹಾಕಿಕೊಂಡು, ಊದಬಲ್ಲವರೊಬ್ಬರನ್ನು ಕರೆದುಕೊಂಡೇ ಸಂತೆಗೆ ಹೋಗುವುದು ಒಳಿತು. ಹಳೆಯ ಕೆಲವು ಅಮೆರಿಕನ್ ವಾದ್ಯಗಳ ಮೇಲೆ ಇಳಿ ಶ್ರುತಿಗೆ 'ಎಲ್.ಪಿ.', ಏರು ಶ್ರುತಿಗೆ 'ಎಚ್.ಪಿ.' ಎಂದು ಕೊರೆದಿರುತ್ತದೆ.

ಊದಲು ಬಾರದವರೂ ಮಾಡಬಹುದಾದ ಪರೀಕ್ಷೆ ಒಂದಿದೆ. ವಾಲ್ವನ್ನು ಒತ್ತದೆ ಅದರ ಸ್ಲೈಡನ್ನು ನಿಧಾನವಾಗಿ ಹೊರಗೆಳೆದು, ನಂತರ ವಾಲ್ವ್ ಒತ್ತಬೇಕು. 'ಟಪ್' ಎಂದು ಸದ್ದಾದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಬಹುದು. ಸದ್ದೇ ಬಾರದಿದ್ದರೆ ವಾಲ್ವ್ ಸವೆದಿರುವ ಸಂಭವ ಹೆಚ್ಚು. ಅದರ ರಿಪೇರಿಗೆ ವಾದ್ಯದ ಬೆಲೆಯನ್ನೂ ಮೀರಿದ ಖರ್ಚಾದೀತು. ಮೌತ್‌ಪೀಸ್ ಕೂರುವ ಕೊಳವೆಯ ಮೇಲೆ ಕೆಂಪು ಚುಕ್ಕೆಗಳಿದ್ದು ನಡುವೆ ಕಪ್ಪು ಬೊಟ್ಟು ಕಂಡರೆ ಹಿತ್ತಾಳೆಯಲ್ಲಿನ ಸತು ಒಳಗಿನಿಂದ ಹೋಗುತ್ತಿದೆ ಎಂದರ್ಥ. ಗಂಟೆಯಂಥ ಬಾಯಿಯ ತಗ್ಗುಗಳಿಗೆ ಅಷ್ಟು ಹೆದರಬೇಕಿಲ್ಲ, ವಾಲ್ವಿನ ಕವಚದ ಮೇಲೆ ತಗ್ಗಿದ್ದರೆ ಮಾತ್ರ ಕೆಳಗಿಟ್ಟು ಮುಂದೆ ನಡೆಯುವುದೇ ಸರಿ.

ಬೆಲೆಯ ಅಂದಾಜು ಬೇಕಿದ್ದವರು ಮೊದಲು ಅಣ್ಣಾ ಸಾಲೈನ ಮ್ಯೂಸಿ ಮ್ಯೂಸಿಕಲ್‌ನಂಥ ಅಂಗಡಿಯಲ್ಲಿ ಹೊಸದರ ಬೆಲೆ ವಿಚಾರಿಸಬಹುದು. 1842ರಲ್ಲಿ ಮಿಸ್ಕ್ವಿತ್ ಕಂಪೆನಿ ಎಂಬ ಹೆಸರಿನಲ್ಲಿ ಆರಂಭವಾದ ಮಳಿಗೆ ಅದು. ಸಂತೆಯಲ್ಲಿ ಚೌಕಾಸಿಗೆ ನಾಚಿಕೊಳ್ಳಬೇಕಿಲ್ಲ. ಆದರೆ ಯಾರೂ ಕೊಳ್ಳದ ವಾದ್ಯ ಗುಜರಿಗೆ ಹೋಗಿ ಹಿತ್ತಾಳೆಯ ತೂಕಕ್ಕೆ ಕರಗುವುದೂ ಇದೆ; ಒಳ್ಳೆಯದೊಂದು ಸಿಕ್ಕಾಗ ನೂರಿನ್ನೂರಕ್ಕಾಗಿ ಬಿಟ್ಟು ಬರುವುದು ತರವಲ್ಲ.

ಮೈಸೂರು ದಸರೆ ನೋಡಿದವರಿಗೆ ಹಿತ್ತಾಳೆ ವಾದ್ಯದ ಬೆಲೆ ಹೇಳಬೇಕಿಲ್ಲ. ಅರಮನೆಯ ವಾದ್ಯವೃಂದದ ಪರಂಪರೆಯನ್ನು ಈಗ ಪೊಲೀಸ್ ಬ್ಯಾಂಡ್ ಮುಂದುವರಿಸಿದ್ದು, ಪಾಶ್ಚಾತ್ಯ ವಾದ್ಯಗಳಲ್ಲೇ ಕರ್ನಾಟಕ ಸಂಗೀತ ನುಡಿಸುವ ತಂಡವೂ ಅದರಲ್ಲಿದೆ.

ಮನೆಗೆ ತಂದ ಮೇಲೆ ಹಬ್ಬದ ಚೊಂಬಿನಂತೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿ ತಾಗಿದರೆ ಮೇಲಿನ ಲೇಪ ಕೆಡುತ್ತದೆ. ವಾಲ್ವುಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ಗುರುತಿಟ್ಟುಕೊಂಡು, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಬೆರೆಸಿ ತೊಳೆದರೆ ಸಾಕು. ಒಣಗಿದ ಬಳಿಕ ವಾಲ್ವಿಗೆ ಅದರದೇ ಎಣ್ಣೆ ಹಾಕಬೇಕು, ತೆಂಗಿನೆಣ್ಣೆ ಖಂಡಿತ ಬೇಡ. ಮೌತ್‌ಪೀಸ್ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಿ ತಿರುಚದೆ ರಿಪೇರಿಯವರಿಗೆ ಕೊಡಿ. ಅದನ್ನು ಬಿಡಿಸುವ ಸಾಧನ ಅವರ ಬಳಿ ಇರುತ್ತದೆ.