ಕೆರೆಯ ಅಂತರಗಂಗೆ: ಗೊಬ್ಬರವೋ, ವಿಷವೋ?



ಹೋದ ತಿಂಗಳ ಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ ಕೇಳಿದರು: “ಸಿಸ್ಟರ್, ನಮ್ಮ ಕೆರೆ ತುಂಬಾ ಅಂತರಗಂಗೆ ಬೆಳೆದದೆ. ಪುಕ್ಕಟೆ ಸಿಗ್ತದಲ್ಲ, ಎರೆಗೊಬ್ಬರ ಮಾಡಿ ಮಾರಿದ್ರೆ ಹೇಗೆ? ಸಂಘದಿಂದ ಸಾಲ ತಗೊಂಡು ತೊಟ್ಟಿ ಕಟ್ಟೋಣ.” ಒಳ್ಳೆಯ ಯೋಚನೆ. ಆದರೆ ಮೊದಲು ನೋಡಬೇಕಾದದ್ದು ಗಿಡವನ್ನಲ್ಲ, ಕೆರೆಗೆ ಬರುವ ನೀರನ್ನು.

ನೇರಳೆ ಹೂವಿನ ಈ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದದ್ದು. ಇದರ ಬೇರು ಸಾಮಾನ್ಯವಾಗಿ ಮಣ್ಣಿಗೆ ಇಳಿಯೋದಿಲ್ಲ, ನೀರಿನಲ್ಲೇ ಕೂದಲಿನ ಹಾಗೆ ಜೋತಾಡುತ್ತದೆ. ಆಹಾರವನ್ನೆಲ್ಲ ನೀರಿನಿಂದಲೇ ಹೀರಬೇಕು. ನಮ್ಮ ಬಚ್ಚಲು, ಕಕ್ಕಸಿನ ನೀರಿನಲ್ಲಿ ಏನಿದೆ? ಹೊಲಕ್ಕೆ ಹಾಕುವ ಯೂರಿಯಾ, ಡಿ.ಎ.ಪಿ.ಯಲ್ಲಿರುವ ಸಾರಜನಕ, ರಂಜಕವೇ! ಅದಕ್ಕೇ ಕೊಳಚೆ ಸೇರಿದ ಕೆರೆಯಲ್ಲಿ ಇದು ಒಂದೆರಡು ವಾರದಲ್ಲೇ ಎರಡರಷ್ಟಾಗುತ್ತದೆ. ಗಿಡ ಹೀರಿದಷ್ಟು ನೀರು ಹಗುರಾಗುತ್ತದೆ ನಿಜ. ಆದರೆ ಅದನ್ನು ತೆಗೆಯದೆ ಅಲ್ಲೇ ಕೊಳೆಯಲು ಬಿಟ್ಟರೆ, ಹೀರಿದ್ದೆಲ್ಲ ವಾಪಸ್ ನೀರಿಗೇ.

ದಡದ ಜೊಂಡಿನ ಕೆಲಸ ಇನ್ನೊಂದು ಬಗೆ. ಅದು ತನ್ನ ಟೊಳ್ಳು ಭಾಗಗಳ ಮೂಲಕ ಗಾಳಿಯನ್ನು ಕೆಸರಿನೊಳಗಿನ ಬೇರಿಗೆ ಇಳಿಸುತ್ತದೆ. ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಕರಗಿಸುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಇಂಥ ಜೌಗಿನ ಮೂಲಕ ಹಾಯಿಸುವ ವ್ಯವಸ್ಥೆ ಮಾಡಿದ್ದಾರೆ.

ಇನ್ನು ಭಾರಲೋಹದ ಮಾತು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಇವು ಬ್ಯಾಟರಿ ಕೆಲಸ, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆ, ಚರ್ಮ ಹದ ಮಾಡುವ ಕಡೆಯಿಂದ ಬರುತ್ತವೆ. ಗಿಡಕ್ಕೆ ಸತು ಬೇಕು. ಸತುವನ್ನು ಹೋಲುವ ಕ್ಯಾಡ್ಮಿಯಂ ಅದೇ ಬಾಗಿಲಿನಿಂದ ಒಳಗೆ ನುಗ್ಗುತ್ತದೆ. ಬಹುಪಾಲು ಲೋಹ ಬೇರಿನಲ್ಲೇ ಉಳಿಯುತ್ತದೆ, ಸ್ವಲ್ಪ ಎಲೆಗೂ ಏರುತ್ತದೆ. ಲೋಹ ಕೊಳೆಯೋದಿಲ್ಲ, ಎರೆಹುಳು ತಿಂದರೂ ಇಲ್ಲವಾಗೋದಿಲ್ಲ. ಈ ಗಿಡದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರೇ. ಬುಟ್ಟಿಗಟ್ಟಲೆ ಗಿಡ ಒಣಗಿ, ಕೊಳೆತು ಒಂದು ಹಿಡಿ ಗೊಬ್ಬರವಾದಾಗ ಲೋಹವೂ ಆ ಹಿಡಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ.

ಗೊಬ್ಬರಕ್ಕಿಂತ ನನಗೆ ಹೆಚ್ಚು ಭಯ ಸೊಪ್ಪಿನದು. ಕೆರೆಯಂಚಿನ ಹೊನಗೊನ್ನೆ ಕಣ್ಣಿಗೆ ಒಳ್ಳೇದು ಅಂತ ಮಕ್ಕಳಿಗೆ ಕೊಡ್ತೀವಿ. ಬೆಳ್ಳಂದೂರು, ವರ್ತೂರು, ಬೈರಮಂಗಲ ಕೆರೆಗಳ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಎಲೆಯೊಳಗೆ ಸೇರಿದ್ದು ಉಪ್ಪುನೀರಿನಲ್ಲಿ ತೊಳೆದರೆ ಹೋಗೋದಿಲ್ಲ. ಸೀಸ ಮಕ್ಕಳ ಮೆದುಳನ್ನೂ ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಅದೂ ವರ್ಷಗಟ್ಟಲೆ ಸದ್ದಿಲ್ಲದೆ.

ಆದ್ದರಿಂದ ನಾಲ್ಕು ಜನ ಸೇರಿ ಒಂದು ದಿನ ರಾಜಕಾಲುವೆಯ ಗುಂಟ ನಡೆದು ನೋಡಿ. ಮಳೆನೀರು, ಮನೆಗಳ ನೀರು ಮಾತ್ರ ಬರುತ್ತಿದ್ದರೆ ಬೇರು ಕತ್ತರಿಸಿ ಬಿಟ್ಟು, ಉಳಿದದ್ದನ್ನು ಬಾಡಿಸಿ, ಸಗಣಿ ಬೆರೆಸಿ ಗೊಬ್ಬರ ಮಾಡಬಹುದು. ಕಾರ್ಖಾನೆ, ಗ್ಯಾರೇಜ್ ನೀರು ಸೇರುತ್ತಿದ್ದರೆ ಗೊಬ್ಬರವೂ ಬೇಡ, ಹಸುವಿಗೆ ಮೇವೂ ಬೇಡ, ಸೊಪ್ಪಂತೂ ಬೇಡವೇ ಬೇಡ. ಅನುಮಾನವಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ನೋಡೋದಿಲ್ಲ, “ಭಾರಲೋಹ ಪರೀಕ್ಷೆ ಎಲ್ಲಿ ಮಾಡ್ತಾರೆ?” ಅಂತಲೇ ಕೇಳಬೇಕು. ತೊಟ್ಟಿಯ ಸಾಲಕ್ಕೆ ಸಹಿ ಹಾಕೋದು ಆ ವರದಿ ಕೈಗೆ ಬಂದ ಮೇಲೆ.