ಟ್ಯಾಕ್ಸಿಯಲ್ಲಿ ಬಂದ ಕರಿಚಿರತೆ

1967ರ ಸೆಪ್ಟೆಂಬರ್ ತಿಂಗಳು. ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಲ್ಲಿ ಇಳಿದ 20 ವರ್ಷದ ಯುವಕನೊಬ್ಬನನ್ನು ಎದುರುಗೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಕರೆದೊಯ್ಯಬೇಕಾದವರು ನಗರದ ಇನ್ನೊಂದು ಬದಿಯ ಲೆ ಬುರ್ಜೆ ನಿಲ್ದಾಣದಲ್ಲಿ ಕಾಯುತ್ತಿದ್ದರು. ಯುವಕ ಹೊರಗೆ ಬಂದು ಟ್ಯಾಕ್ಸಿಯೊಂದನ್ನು ಹತ್ತಿ, ಸೇಂತ್ ಎತಿಯೆನ್‌ಗೆ ಹೋಗಬೇಕು ಎಂದ. ಅದು ಪ್ಯಾರಿಸ್‌ನ ಬಡಾವಣೆಯೇನೂ ಅಲ್ಲ. ಅಲ್ಲಿಂದ ಸುಮಾರು 500 ಕಿ.ಮೀ. ದೂರದಲ್ಲಿರುವ, ಕಲ್ಲಿದ್ದಲು ಗಣಿಗಳಿಗೆ ಹೆಸರಾದ ಊರು. ಬಾಡಿಗೆ ತೆತ್ತದ್ದು ಆ ಊರಿನ ಫುಟ್‌ಬಾಲ್ ಕ್ಲಬ್.

ತೆತ್ತ ಹಣಕ್ಕೆ ಕ್ಲಬ್ ಎಂದೂ ಪಶ್ಚಾತ್ತಾಪ ಪಡಲಿಲ್ಲ. ಪಶ್ಚಿಮ ಆಫ್ರಿಕದ ಮಾಲಿ ದೇಶದಿಂದ ಬಂದ ಆ ಯುವಕ ಸಲೀಫ್ ಕೇಟಾ. (ಇದೇ ಹೆಸರಿನ, ಇದೇ ದೇಶದ ಪ್ರಖ್ಯಾತ ಗಾಯಕರೊಬ್ಬರಿದ್ದಾರೆ, ಅವರು ಬೇರೆ.) ಮುಂದಿನ ಐದು ವರ್ಷಗಳಲ್ಲಿ ಕೇಟಾ ಫ್ರಾನ್ಸ್‌ನ ಲೀಗ್ ಪಂದ್ಯಗಳಲ್ಲಿ ಗೋಲುಗಳ ಮಳೆಗರೆದರು. ಆದರೆ ಅವರ ಕಥೆ ಗೋಲುಗಳಿಗಷ್ಟೇ ಸೀಮಿತವಲ್ಲ. ಹೊಟ್ಟೆಪಾಡಿಗಾಗಿ ಪರದೇಶದ ಕ್ಲಬ್ಬಿಗೆ ಆಡುವ ಆಟಗಾರ ಯಾರ ಸ್ವತ್ತು ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಹಿಂಬಾಲಿಸಿತು.

ಯಾರ ಅಂಗಿ ತೊಡಬೇಕು?

ಕೇಟಾ ಯೂರೋಪಿಗೆ ಹೋದ ಮೊದಲ ಆಫ್ರಿಕನ್ ಆಟಗಾರನಲ್ಲ. ಅವರಿಗಿಂತ ಬಹಳ ಮುಂಚೆ ಮೊರಾಕ್ಕೊದ ಲಾರ್ಬಿ ಬೆನ್ ಬಾರೆಕ್ ಫ್ರಾನ್ಸ್ ತಂಡದಲ್ಲಿ ಆಡಿದ್ದರು. ಮೊಜಾಂಬಿಕ್‌ನಲ್ಲಿ ಹುಟ್ಟಿದ ಯುಸೇಬಿಯೊ 1966ರ ವಿಶ್ವಕಪ್‌ನಲ್ಲಿ ಒಂಬತ್ತು ಗೋಲು ಹೊಡೆದದ್ದು ಪೋರ್ಚುಗಲ್‌ನ ಪರವಾಗಿ. ಆಗ ಮೊಜಾಂಬಿಕ್ ಪೋರ್ಚುಗಲ್‌ನ ವಸಾಹತು. ಆಳುವ ದೇಶದ ಅಂಗಿಯನ್ನೇ ಆಳಿಸಿಕೊಂಡವರೂ ತೊಡಬೇಕಿದ್ದ ಕಾಲ ಅದು.

ಮಾಲಿ 1960ರಲ್ಲಿ ಫ್ರಾನ್ಸ್‌ನಿಂದ ಬಿಡುಗಡೆ ಪಡೆದಿತ್ತು. 1946ರಲ್ಲಿ ಅದರ ರಾಜಧಾನಿ ಬಮಾಕೊದಲ್ಲಿ ಹುಟ್ಟಿದ ಕೇಟಾ, ಸ್ವತಂತ್ರ ದೇಶದ ಪ್ರಜೆಯಾಗಿಯೇ ಫ್ರಾನ್ಸಿಗೆ ಬಂದವರು. ಅಷ್ಟರಲ್ಲಾಗಲೇ ಆಫ್ರಿಕದ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯಲ್ಲಿ ರಿಯಲ್ ಬಮಾಕೊ ತಂಡವನ್ನು ಫೈನಲ್‌ವರೆಗೆ ಕೊಂಡೊಯ್ದಿದ್ದರು. ಸೇಂತ್ ಎತಿಯೆನ್ ಕ್ಲಬ್ಬಿಗೆ ಅವರ ಹೆಸರು ತಿಳಿದದ್ದು ಬಮಾಕೊದಲ್ಲಿದ್ದ ಲೆಬನಾನ್ ಮೂಲದ ಅಭಿಮಾನಿಯೊಬ್ಬನ ಪತ್ರಗಳಿಂದ. ಆದರೆ ಇಂಥ ಆಟಗಾರನನ್ನು ಮಾಲಿ ಸುಲಭವಾಗಿ ಬಿಟ್ಟುಕೊಡುವಂತಿರಲಿಲ್ಲ. ಅಧಿಕಾರಿಗಳು ತಡೆದಾರೆಂಬ ಅಂಜಿಕೆಯಿಂದ ಕೇಟಾ ಸದ್ದಿಲ್ಲದೆ ಹೊರಟು, ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಮೂಲಕ ಪ್ಯಾರಿಸ್ ಸೇರಿದರು. ತಾಯ್ನಾಡೇ ಅವರ ಮೇಲೆ ಹಕ್ಕು ಸಾಧಿಸಿದ ಮೊದಲ ಯಜಮಾನ ಎನ್ನಬಹುದು.

ಸೇಂತ್ ಎತಿಯೆನ್ ಕಾರ್ಮಿಕರ ಊರು. ಕ್ಲಬ್ ಹುಟ್ಟಿದ್ದು ಕ್ಯಾಸಿನೊ ಎಂಬ ದಿನಸಿ ಅಂಗಡಿಗಳ ಸಂಸ್ಥೆಯ ನೌಕರರಿಂದ. ಕ್ಲಬ್ಬಿನ ಹಸಿರು ಅಂಗಿಯ ಬಣ್ಣವೂ ಆ ಅಂಗಡಿಗಳದ್ದೇ. ಅಲ್ಲಿ ಕೇಟಾಗೆ ಜೊತೆಯಾದ ಹಿರಿಯ ಆಟಗಾರ ಅಲ್ಜೀರಿಯಾದ ರಶೀದ್ ಮೆಖ್ಲೂಫಿ. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ, 1958ರ ವಿಶ್ವಕಪ್‌ಗೆ ಸ್ವಲ್ಪ ಮುಂಚೆ, ಫ್ರಾನ್ಸ್ ತೊರೆದು ಹೋರಾಟಗಾರರ ಫುಟ್‌ಬಾಲ್ ತಂಡವನ್ನು ಸೇರಿದ್ದವರು ಅವರು. ದೇಶ ಸ್ವತಂತ್ರವಾದ ಮೇಲೆ ಹಳೆಯ ಕ್ಲಬ್ಬಿಗೆ ಮರಳಿದ್ದರು. ಅಂಗಿಯ ಬಣ್ಣ ಬರೀ ಬಟ್ಟೆಯ ಬಣ್ಣವಲ್ಲ ಎಂಬುದನ್ನು ತರುಣ ಕೇಟಾಗೆ ತಿಳಿಸಲು ಇವರಿಗಿಂತ ದೊಡ್ಡ ಉದಾಹರಣೆ ಬೇಕಿರಲಿಲ್ಲ.

1968, 1969, 1970: ಸತತ ಮೂರು ವರ್ಷ ಲೀಗ್ ಪ್ರಶಸ್ತಿ ಸೇಂತ್ ಎತಿಯೆನ್ ಪಾಲಾಯಿತು. 1969ರ ಯೂರೋಪಿಯನ್ ಕಪ್‌ನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಎದುರು ಮೊದಲ ಪಂದ್ಯವನ್ನು 0-2ರಿಂದ ಸೋತಿದ್ದ ತಂಡ, ತನ್ನ ಅಂಗಳದಲ್ಲಿ 3-0ಯಿಂದ ಗೆದ್ದು ಮುಂದಿನ ಸುತ್ತಿಗೆ ನಡೆಯಿತು. ನಿರ್ಣಾಯಕವಾದ ಮೂರನೆಯ ಗೋಲು ಕೇಟಾ ಅವರದ್ದು. 1970-71ರ ಋತುವಿನಲ್ಲಂತೂ ಅವರು ಲೀಗ್‌ನಲ್ಲಿ 42 ಗೋಲು ಹೊಡೆದರು. ವಿಚಿತ್ರವೆಂದರೆ ಅಷ್ಟಾದರೂ ಆ ವರ್ಷದ ಅಗ್ರ ಗೋಲುಗಾರ ಅವರಲ್ಲ. ಮಾರ್ಸೇಲ್ ಕ್ಲಬ್ಬಿನ ಯುಗೊಸ್ಲಾವ್ ಆಟಗಾರ ಯೋಸಿಪ್ ಸ್ಕೊಬ್ಲಾರ್ 44 ಗೋಲು ಹೊಡೆದಿದ್ದರು!

'ಫ್ರಾನ್ಸ್ ಫುಟ್‌ಬಾಲ್' ಪತ್ರಿಕೆ 1970ರಲ್ಲಿ ಆಫ್ರಿಕದ ಶ್ರೇಷ್ಠ ಆಟಗಾರನಿಗೆ ಪ್ರಶಸ್ತಿ ಕೊಡುವ ಪದ್ಧತಿ ಆರಂಭಿಸಿದಾಗ, ಮೊದಲ ಪ್ರಶಸ್ತಿ ಸಂದದ್ದು ಕೇಟಾ ಅವರಿಗೆ. ಜನ ಅವರನ್ನು ಕರಿಚಿರತೆ ಎಂದು ಕರೆದರು. ಕ್ಲಬ್ಬಿನ ಲಾಂಛನದಲ್ಲಿಯೂ ಚಿರತೆ ಕಾಣಿಸಿಕೊಂಡಿತು.

ಮೂವತ್ತೈದರ ತನಕ ಕಟ್ಟು

ಇಷ್ಟೆಲ್ಲ ಮರ್ಯಾದೆ ಸಿಕ್ಕರೂ ಆಟಗಾರ ಕ್ಲಬ್ಬಿನ ಹಿಡಿತದಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಫ್ರಾನ್ಸ್‌ನಲ್ಲಿ 1960ರ ದಶಕದ ಕೊನೆಯವರೆಗೂ ಇದ್ದ ನಿಯಮದಂತೆ ವೃತ್ತಿಪರ ಆಟಗಾರ ತನ್ನ 35ನೆಯ ವಯಸ್ಸಿನ ತನಕ ಕ್ಲಬ್ಬಿಗೆ ಕಟ್ಟುಬಿದ್ದವನು. ಕ್ಲಬ್ ಬಯಸಿದರೆ ಅವನನ್ನು ಮಾರಬಹುದಿತ್ತು. ಅವನು ಬಯಸಿದರೆ ಹೋಗುವಂತಿರಲಿಲ್ಲ. ಆಟಗಾರರೆಂದರೆ ಗುಲಾಮರು ಎಂದು 1963ರಲ್ಲಿ ಬಹಿರಂಗವಾಗಿ ಹೇಳಿದ ಫ್ರಾನ್ಸ್‌ನ ಖ್ಯಾತ ಆಟಗಾರ ರೇಮಂಡ್ ಕೋಪಾ ಅವರಿಗೆ ಅಮಾನತಿನ ಶಿಕ್ಷೆಯಾಗಿತ್ತು. ನಿಗದಿತ ಅವಧಿಯ ಕರಾರು ಬಂದದ್ದು 1969ರಲ್ಲಿ. ಅದನ್ನೂ ಹಿಂದಕ್ಕೆ ಪಡೆಯಲು ಕ್ಲಬ್‌ಗಳು ಯತ್ನಿಸಿದಾಗ, 1972ರ ಡಿಸೆಂಬರ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು.

ಅದೇ 1972ರಲ್ಲಿ ಕೇಟಾ ಕೂಡ ತಮ್ಮ ಕ್ಲಬ್ಬಿನೊಡನೆ ಜಗಳವಾಡಿ ಮಾರ್ಸೇಲ್ ಸೇರಿದರು. ಹೊಸ ಅಂಗಿ ತೊಟ್ಟು ಹಳೆಯ ಕ್ಲಬ್ಬಿನ ಎದುರು ಕಣಕ್ಕಿಳಿದಾಗ ಎರಡು ಗೋಲು ಹೊಡೆದರು. ಅಷ್ಟಕ್ಕೇ ಸುಮ್ಮನಾಗದೆ, ಹಳೆಯ ಧಣಿಗಳು ಕೂತಿದ್ದ ಕಡೆಗೆ ತಿರುಗಿ ತೋಳೆತ್ತಿ ಅವಮಾನದ ಸನ್ನೆಯನ್ನೂ ಮಾಡಿದರು. ಸಭ್ಯ ನಡವಳಿಕೆಯೇನಲ್ಲ, ನಿಜ. ಆದರೆ ಆ ಸನ್ನೆಯ ಹಿಂದಿನ ಸಿಟ್ಟು ಒಬ್ಬ ಕೇಟಾ ಅವರದ್ದು ಮಾತ್ರ ಆಗಿರಲಿಲ್ಲ.

ಪಾಸ್‌ಪೋರ್ಟಿನ ಪ್ರಶ್ನೆ

ಮಾರ್ಸೇಲ್‌ನಲ್ಲಿ ಇನ್ನೊಂದು ತೊಡಕು ಕಾದಿತ್ತು. ಒಂದು ತಂಡ ಇಷ್ಟೇ ಮಂದಿ ವಿದೇಶೀಯರನ್ನು ಆಡಿಸಬಹುದು ಎಂಬ ಮಿತಿ ಆಗ ಕಟ್ಟುನಿಟ್ಟಾಗಿತ್ತು. ಮಾರ್ಸೇಲ್‌ನಲ್ಲಿ ಸ್ಕೊಬ್ಲಾರ್ ಇದ್ದರು. ಸ್ವೀಡನ್ನಿನ ರೋಜರ್ ಮ್ಯಾಗ್ನುಸನ್ ಕೂಡ ಇದ್ದರು. ಇದಕ್ಕೆ ಕ್ಲಬ್ ಕಂಡುಕೊಂಡ ಸುಲಭ ಪರಿಹಾರವೆಂದರೆ ಕೇಟಾ ಫ್ರೆಂಚ್ ಪೌರತ್ವ ಪಡೆಯುವುದು. ಕಾಗದಕ್ಕೆ ಒಂದು ಸಹಿ ಬಿದ್ದರೆ ವಿದೇಶೀಯರ ಲೆಕ್ಕದಲ್ಲಿ ಒಂದು ತಲೆ ಕಡಿಮೆ.

ಕೇಟಾ ಒಪ್ಪಲಿಲ್ಲ. ಸಹಿಯ ಬದಲು ಊರನ್ನೇ ಬಿಟ್ಟರು. 1973ರಲ್ಲಿ ಸ್ಪೇನ್ ತನ್ನ ಕ್ಲಬ್‌ಗಳಿಗೆ ವಿದೇಶಿ ಆಟಗಾರರ ಬಾಗಿಲನ್ನು ಮತ್ತೆ ತೆರೆದಿತ್ತು. ಹಾಲೆಂಡಿನ ಯೋಹಾನ್ ಕ್ರೈಫ್ ಬಾರ್ಸಿಲೋನಾಗೆ ಬಂದ ವರ್ಷವೇ ಕೇಟಾ ವೆಲೆನ್ಸಿಯಾ ಸೇರಿದರು. ಮೂರು ವರ್ಷಗಳ ನಂತರ ಪೋರ್ಚುಗಲ್‌ನ ಸ್ಪೋರ್ಟಿಂಗ್ ಲಿಸ್ಬನ್. 1978ರಲ್ಲಿ ಆ ತಂಡದೊಡನೆ ಪೋರ್ಚುಗಲ್ ಕಪ್ ಗೆಲುವು. ಕೊನೆಗೆ ಅಮೆರಿಕದ ನ್ಯೂ ಇಂಗ್ಲೆಂಡ್ ಟೀ ಮೆನ್.

ಈ ಹಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಅವರ ಕಾಲದ ಮಾಲಿ ತಂಡ ವಿಶ್ವಕಪ್ ತಲುಪಲಿಲ್ಲ. 1972ರ ಆಫ್ರಿಕಾ ಕಪ್‌ನಲ್ಲಿ ಮಾಲಿ ಫೈನಲ್‌ಗೆ ಬಂದಾಗ ಕೇಟಾ ಗಾಯಗೊಂಡು ಹೊರಗುಳಿದಿದ್ದರು. ತಂಡ 2-3ರಿಂದ ಕಾಂಗೊ ಎದುರು ಸೋತಿತು.

ಬದಲಾದದ್ದೇನು?

ಕೇಟಾ ಎದುರಿಸಿದ ಗೋಡೆಗಳು ಮುಂದೆ ಒಂದೊಂದಾಗಿ ಬಿದ್ದವು. ಕರಾರು ಮುಗಿದ ಆಟಗಾರ ತನಗಿಷ್ಟವಾದ ಕ್ಲಬ್ಬಿಗೆ ಹೋಗಬಹುದು, ಯೂರೋಪ್ ಒಕ್ಕೂಟದ ಪ್ರಜೆಗಳಿಗೆ ವಿದೇಶೀಯರೆಂಬ ಮಿತಿ ಹಾಕುವಂತಿಲ್ಲ ಎಂದು 1995ರ ಬೋಸ್ಮಾನ್ ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪಿತ್ತಿತು. 2000ದಲ್ಲಿ ಆಫ್ರಿಕ, ಕೆರಿಬಿಯನ್ ಮತ್ತು ಪೆಸಿಫಿಕ್ ದೇಶಗಳೊಡನೆ ಯೂರೋಪ್ ಮಾಡಿಕೊಂಡ ಕೊಟೊನೂ ಒಪ್ಪಂದದ ಆಧಾರದ ಮೇಲೆ, ಆ ದೇಶಗಳ ಆಟಗಾರರೂ ಫ್ರಾನ್ಸ್ ಲೀಗ್‌ನ ವಿದೇಶೀಯರ ಲೆಕ್ಕದಿಂದ ಹೊರಬಂದರು. 'ಫ್ರಾನ್ಸ್ ಫುಟ್‌ಬಾಲ್' ತನ್ನ ಮುಖ್ಯ ಪ್ರಶಸ್ತಿಯಾದ ಚಿನ್ನದ ಚೆಂಡನ್ನು ಯೂರೋಪಿನವರಲ್ಲದವರಿಗೂ ಮುಕ್ತಗೊಳಿಸಿದ್ದು 1995ರಲ್ಲಿ. ಆ ವರ್ಷವೇ ಅದನ್ನು ಗೆದ್ದವರು ಲೈಬೀರಿಯಾದ ಜಾರ್ಜ್ ವಿಯಾ. ಅವರು ಬೆಳೆದದ್ದು ಮನ್ರೋವಿಯಾದಲ್ಲಿ. 1967ರಲ್ಲಿ ಕೇಟಾ ಯೂರೋಪಿನ ವಿಮಾನ ಹಿಡಿದ ಊರೂ ಅದೇ!

ಕೇಟಾ ಆಟ ಮುಗಿಸಿ ಮಾಲಿಗೆ ಮರಳಿದರು. ಬಮಾಕೊದಲ್ಲಿ ತಮ್ಮ ಹೆಸರಿನ ತರಬೇತಿ ಕೇಂದ್ರ ಕಟ್ಟಿದರು. ಮುಂದೆ ರಿಯಲ್ ಮ್ಯಾಡ್ರಿಡ್ ಸೇರಿದ ಮಹಮದು ದಿಯಾರಾ, ಬಾರ್ಸಿಲೋನಾದಲ್ಲಿ ಮಿಂಚಿದ ಸೇಡು ಕೇಟಾ ಅಲ್ಲಿಯೇ ಪಳಗಿದವರು. ಸೇಡು ಇವರ ಸಂಬಂಧಿಕರೂ ಹೌದು. 2005ರಿಂದ 2009ರವರೆಗೆ ಕೇಟಾ ಮಾಲಿಯ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷರಾಗಿದ್ದರು. 2023ರ ಸೆಪ್ಟೆಂಬರ್ 2ರಂದು, 76ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಡೆದಾರೆಂದು ಹೆದರಿ ಕದ್ದು ಹೊರಟಿದ್ದ ಊರಿಗೆ ಬಂದು, ಅಲ್ಲಿಯ ಹುಡುಗರು ರಾಜಾರೋಷವಾಗಿ ಹೊರಡಲು ಅವರು ದಾರಿ ಮಾಡಿಕೊಟ್ಟರು. ಮಾಲಿಯಿಂದ ಯೂರೋಪಿಗೆ ಹೋಗುವ ಹುಡುಗರಿಗಾಗಿ ಇಂದು ಕ್ಲಬ್‌ನವರು ವಿಮಾನ ನಿಲ್ದಾಣದಲ್ಲೇ ಕಾದಿರುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ಆ ಟ್ಯಾಕ್ಸಿಯ ಕಥೆ ಗೊತ್ತಿದೆಯೋ!