ಆಟೋನಗರದ ಕರಿಪುಡಿಯಲ್ಲಿ ಅಡಗಿರುವ ಅದ್ಭುತ

ಹುಮನಾಬಾದಿನಿಂದ ಪುಣೆ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದ ಕಡೆ ಬಂದರೆ ಸಾಲುಗಟ್ಟಿ ನಿಂತ ಲಾರಿಗಳು, ವೆಲ್ಡಿಂಗ್ ಕಿಡಿ, ಸುತ್ತಿಗೆ ಸದ್ದು. ಬಸವಕಲ್ಯಾಣದ ಆಟೋನಗರದ ಗ್ಯಾರೇಜುಗಳ ಯಾವ ಎಲೆಕ್ಟ್ರಿಷಿಯನ್‌ನನ್ನು ಕೇಳಿದರೂ ಆಲ್ಟರ್ನೇಟರ್‌ನಿಂದ ಕಿತ್ತ ಸವೆದ ಕಾರ್ಬನ್ ಬ್ರಷ್ ಒಂದನ್ನು ಕೈಗಿಟ್ಟಾನು. ಹೆಬ್ಬೆರಳಿಗೆ ಉಜ್ಜಿ ನೋಡಿ. ನುಣ್ಣನೆಯ ಕರಿಪುಡಿ ಅಂಟುತ್ತದೆ. ಬಿಸಿಲಿಗೆ ಹಿಡಿದರೆ ಬೂದು ಮಿರುಗು. ಅದು ಗ್ರಾಫೈಟ್. ಆ ಗ್ರಾಫೈಟಿನ ಒಂದೇ ಒಂದು ಪದರ ಬಿಡಿಸಿದರೆ, ಅದೇ ಗ್ರಾಫೀನ್!

ಈ ಪದರದಲ್ಲಿ ಪ್ರತಿ ಇಂಗಾಲದ ಪರಮಾಣು ಪಕ್ಕದ ಮೂರರ ಕೈ ಬಿಗಿಯಾಗಿ ಹಿಡಿದು ಷಟ್ಕೋನಗಳ ಜಾಲ ಕಟ್ಟಿದೆ. ಪದರದೊಳಗೆ ಈ ಬಿಗಿ, ಪದರ ಪದರಗಳ ನಡುವೆ ಮಾತ್ರ ಸಡಿಲ. ಹಾಗಾಗಿಯೇ ಬ್ರಷ್ ಜಾರುತ್ತದೆ, ಜಾರುತ್ತಲೇ ವಿದ್ಯುತ್ತನ್ನೂ ದಾಟಿಸುತ್ತದೆ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರಗಳಿವೆ. ಒಂದನ್ನು ಬಿಡಿಯಾಗಿ ಎತ್ತುವುದು ಅಸಾಧ್ಯವೆಂದೇ ಬಹಳ ಮಂದಿ ನಂಬಿದ್ದರು. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಸೆಲ್ಲೋಟೇಪಿನಿಂದ ಕಿತ್ತು ತೋರಿಸಿದರು. ಹೌದು, ಅಂಗಡಿಯಲ್ಲಿ ಸಿಗುವ ಸೆಲ್ಲೋಟೇಪು! ಗ್ರಾಫೀನ್ ಮೇಲಿನ ಕೆಲಸಕ್ಕೆ 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ಅದರ ಗುಣಗಳು. ಒಂದು ಗ್ರಾಂ ಗ್ರಾಫೀನ್ ಹಾಸಿದರೆ 13 ಗುಂಟೆ ನೆಲ ಮುಚ್ಚುತ್ತದೆ. ಎರಡೂ ಮೈ ಲೆಕ್ಕ ಹಿಡಿದರೆ 26 ಗುಂಟೆ! ಎಳೆದು ಹರಿಯಲು ಹೋದರೆ ಉಕ್ಕಿಗಿಂತ ನೂರು ಪಟ್ಟಿಗೂ ಮಿಗಿಲಾದ ಗಟ್ಟಿತನ. ಒಂದೇ ಪರಮಾಣುವಿನಷ್ಟು ತೆಳು, ಆದರೂ ಬೆಳಕಿನ ನೂರಕ್ಕೆ 2.3 ಪಾಲನ್ನು ಹೀರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಿಂದಂ ಘೋಷ್ ಅವರ ತಂಡ ಜಪಾನಿನ ವಿಜ್ಞಾನಿಗಳ ಜೊತೆಗೂಡಿ 2025ರಲ್ಲಿ ಕಂಡದ್ದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು: ಅತಿ ಶುದ್ಧ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ಬಿಡಿ ಕಣಗಳಾಗಿ ಓಡದೆ, ಹೆಚ್ಚುಕಡಿಮೆ ತಡೆಯೇ ಇಲ್ಲದ ದ್ರವದಂತೆ ಒಟ್ಟಾಗಿ ಹರಿಯುತ್ತವೆ. ಲೋಹದಲ್ಲಿ ಶಾಖ ಹರಿಸುವ ಶಕ್ತಿಯೂ ವಿದ್ಯುತ್ ಹರಿಸುವ ಶಕ್ತಿಯೂ ಜೊತೆಜೊತೆಗೆ ಏರಿಳಿಯಬೇಕೆಂಬ 1853ರ ನಿಯಮ ಅಲ್ಲಿ 200 ಪಟ್ಟಿಗೂ ಹೆಚ್ಚು ಮುರಿದುಬಿತ್ತು!

ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಗ್ರಾಫೀನಿನ ವೇಗವರ್ಧಕ ಶಕ್ತಿ, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಗುಣ. ಶುದ್ಧ ಗ್ರಾಫೀನ್ ಈ ವಿಷಯದಲ್ಲಿ ಮಹಾ ಸೋಮಾರಿ. ಎಲ್ಲ ಪರಮಾಣುಗಳೂ ಒಂದೇ ಸಮ, ಆಮ್ಲಜನಕ ಬಂದರೆ ಹಿಡಿದುಕೊಳ್ಳಲು ಕೊಕ್ಕೆಯೇ ಇಲ್ಲ. ಆ ಕೊಕ್ಕೆ ಹಾಕುವ ದಾರಿ ತೋರಿದವರಲ್ಲಿ ನಮ್ಮ ಸಿ.ಎನ್.ಆರ್. ರಾವ್ ಒಬ್ಬರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಗ್ರಾಫೈಟ್ ಕಡ್ಡಿಗಳ ನಡುವೆ, ವೆಲ್ಡಿಂಗಿನ ಹಾಗೆಯೇ, ವಿದ್ಯುತ್ ಚಾಪ ಹೊತ್ತಿಸಿತು. ಸುತ್ತ ಹೈಡ್ರೋಜನ್, ಅದು ಹಾಳೆಯ ಅಂಚುಗಳನ್ನು ಹಿಡಿದು, ಸುರುಳಿ ಸುತ್ತಿಕೊಂಡು ಕೊಳವೆಯಾಗದಂತೆ ತಡೆಯಿತು. ಜೊತೆಗೆ ಪಿರಿಡಿನ್ ಆವಿ ಬಿಟ್ಟರೆ ಜಾಲದ ಅಲ್ಲೊಂದು ಇಲ್ಲೊಂದು ಇಂಗಾಲದ ಜಾಗಕ್ಕೆ ನೈಟ್ರೋಜನ್ ಬಂದು ಕೂರುತ್ತದೆ; ಡೈಬೊರೇನ್ ಬಿಟ್ಟರೆ ಬೋರಾನ್. ಇದು 2009ರ ಮಾತು. ಮರುವರ್ಷವೇ ಅಮೆರಿಕದ ಲಿಮಿಂಗ್ ದಾಯಿ ತಂಡ ನೈಟ್ರೋಜನ್ ಬೆರೆತ ಗ್ರಾಫೀನ್ ಕ್ಷಾರ ದ್ರಾವಣದಲ್ಲಿ ಪ್ಲಾಟಿನಂ ಅನ್ನೂ ಮೀರಿಸಿ ಆಮ್ಲಜನಕವನ್ನು ಒಡೆಯುತ್ತದೆಂದು ತೋರಿಸಿತು. ನೈಟ್ರೋಜನ್ ಪಕ್ಕದ ಇಂಗಾಲದಿಂದ ಎಲೆಕ್ಟ್ರಾನನ್ನು ತುಸು ಎಳೆದುಕೊಳ್ಳುತ್ತದೆ. ಆ ಇಂಗಾಲಕ್ಕೆ ಆಮ್ಲಜನಕ ಬಂದು ಅಂಟುತ್ತದೆ. ಅಷ್ಟೇ!

ಇನ್ನೊಂದು ಸೋಜಿಗ ಕೇಳಿ. ಗ್ಯಾರೇಜಿನಲ್ಲಿ ಬ್ರಷ್ಷಿನ ಪಕ್ಕದಲ್ಲೇ ಇರುವ ಮಾಲಿ ಗ್ರೀಸಿನ ಡಬ್ಬಿ ಗೊತ್ತಲ್ಲ? ಅದರಲ್ಲಿರುವ ಮಾಲಿಬ್ಡಿನಂ ಡೈಸಲ್ಫೈಡ್ ಕೂಡ ಪದರ ಪದರವಾಗಿಯೇ ಇದೆ, ಅದಕ್ಕೇ ಅಷ್ಟು ಜಾರುತ್ತದೆ. 2013ರಲ್ಲಿ ರಾವ್ ಮತ್ತು ಸಂಗಡಿಗರು ಅದರ ಕೆಲವೇ ಪದರಗಳನ್ನು ನೈಟ್ರೋಜನ್ ತುಂಬಿದ ಗ್ರಾಫೀನಿನೊಡನೆ ಬೆರೆಸಿ, ಬೆಳಕು ಬಿಟ್ಟು, ನೀರಿನಿಂದ ಹೈಡ್ರೋಜನ್ ಹೊರಡಿಸಿದರು. ಗ್ರೀಸಿನ ಸಂಗಾತಿಯೂ ಬ್ರಷ್ಷಿನ ಪುಡಿಯೂ ಸೇರಿ ಇಂಧನ!

ಆ ಹೈಡ್ರೋಜನ್‌ನಿಂದ ಲಾರಿ ಓಡಬೇಕಾದರೆ ಇಂಧನ ಕೋಶ ಬೇಕು, ಕೋಶದಲ್ಲಿ ಆಮ್ಲಜನಕವನ್ನು ಒಡೆಯಲು ಇವತ್ತಿಗೂ ಪ್ಲಾಟಿನಂ ಬೇಕು. ಅದರ ಬದಲಿಗೆ ಈಗ ಪರೀಕ್ಷೆಯಲ್ಲಿರುವುದು ಅಗ್ಗದ ಕಬ್ಬಿಣ, ಅದೂ ಬಿಡಿ ಬಿಡಿ ಪರಮಾಣುಗಳಾಗಿ. ಗ್ರಾಫೀನ್ ಹಾಳೆಯಲ್ಲಿ ನಾಲ್ಕು ನೈಟ್ರೋಜನ್‌ಗಳ ನಡುವೆ ಒಂದು ಕಬ್ಬಿಣದ ಪರಮಾಣು. ನಮ್ಮ ರಕ್ತದ ಹಿಮೋಗ್ಲೋಬಿನ್ ಕೂಡ ಕಬ್ಬಿಣವನ್ನು ನಾಲ್ಕು ನೈಟ್ರೋಜನ್‌ಗಳ ನಡುವೆಯೇ ಕೂರಿಸಿ ಆಮ್ಲಜನಕ ಹಿಡಿಯುತ್ತದೆ! ಕೋಶದೊಳಗಿನ ಆಮ್ಲಕ್ಕೆ ಈ ಕಬ್ಬಿಣ ಕರಗಿ ಹೋಗುವುದೇ ಸದ್ಯದ ದೊಡ್ಡ ತೊಡಕು, ಪ್ರಯೋಗಾಲಯಗಳು ಹೆಣಗುತ್ತಿರುವುದೂ ಅದರೊಡನೆಯೇ.